ಹೊನ್ನವ್ವ ಮಗನ ಅಂಗಿ ಹಿಡಿದದ್ದು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ವಿರೂಪಾಕ್ಷಪ್ಪನ ಹೆಂಡತಿ ಹೊನ್ನವ್ವ ಮೇಡ್ಲೇರಿಯವಳು. ಮೇಡ್ಲೇರಿಗೆ ತುಂಗಭದ್ರೆ ಹತ್ತಿರ. ಅಲ್ಲಿ ಹೆಚ್ಚಿನವರು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಈಜು ಕಲಿಸುತ್ತಿದ್ದರು. ಹೊನ್ನವ್ವನ ತಂದೆಗೆ ಮಾತ್ರ ಹೊಲದ ಕೆಲಸದಲ್ಲಿ ಪುರಸತ್ತಾಗಿರಲಿಲ್ಲ. ಬರುವ ಬೇಸಿಗೆಗೆ ಕಲಿಸುತ್ತೇನೆ ಎಂದು ಅವನು ಮೂರು ಬೇಸಿಗೆ ಹೇಳಿದ್ದ.

೧೯೬೧ರಲ್ಲಿ ಆಕೆಗೆ ಹತ್ತು ವರ್ಷ. ಹೊಳೆಯಾಚೆಯ ಬೀಗರ ಮದುವೆ ಮುಗಿಸಿ ಬರುವಾಗ ಎಂಟು ಜನ ಕೂರುವ ಹರಿಗೋಲಿನಲ್ಲಿ ಹದಿನಾಲ್ಕು ಜನ ಕೂತರು. ಜೊತೆಗೆ ಬುಂದೇ ಉಂಡಿಯ ಎರಡು ಬುಟ್ಟಿ. ಕಾಕಾ ಶಂಕ್ರಪ್ಪ ಹಿಂದಿನ ಸರತಿಯಲ್ಲೇ ದಾಟಿ ಈಚೆ ದಂಡೆಯಲ್ಲಿ ನಿಂತಿದ್ದ. ದಂಡೆ ಇನ್ನೂ ಇಪ್ಪತ್ತು ಮಾರು ದೂರ ಇರುವಾಗಲೇ ಯಾರೋ ಇಳಿಯುವ ಅವಸರಕ್ಕೆ ಎದ್ದು ನಿಂತರು. ಹರಿಗೋಲು ವಾಲಿತು. ಅಂಚಿನಲ್ಲಿ ಕೂತಿದ್ದ ಹೊನ್ನವ್ವ ಮತ್ತು ಆಕೆಯ ಅಣ್ಣ ಗದಿಗೆಪ್ಪ ನೀರಿಗೆ ಬಿದ್ದರು.

ಅಂಬಿಗ ತನ್ನ ಉದ್ದನೆಯ ಗಳವನ್ನು ಹೊನ್ನವ್ವನ ಕಡೆಗೆ ಚಾಚಿದ. ಆಕೆ ಹಿಡಿದುಕೊಂಡಳು. ಗದಿಗೆಪ್ಪನನ್ನು ಉಳಿಸಲು ಶಂಕ್ರಪ್ಪ ಉಟ್ಟ ಧೋತರದಲ್ಲೇ ಹಾರಿದ. ಅವನು ಗರಡಿಯಾಳು, ಈಜು ಬಲ್ಲವನು. ಮುಟ್ಟುವಷ್ಟರಲ್ಲಿ ಹುಡುಗ ಅವನ ಕೊರಳನ್ನು ಎರಡೂ ಕೈಯಿಂದ ಬಿಗಿಯಾಗಿ ಅವಚಿಕೊಂಡ. ಗಳ ಹಿಡಿದು ತೇಲುತ್ತಿದ್ದ ಹೊನ್ನವ್ವ ಅದನ್ನು ಕಣ್ಣಾರೆ ನೋಡಿದಳು. ಇಬ್ಬರೂ ಮರುದಿನ ಸಿಕ್ಕರು. ಹುಡುಗ ಕೈ ಬಿಟ್ಟಿರಲಿಲ್ಲ.

ಉಳಿದ ಮಕ್ಕಳು ಹೊಳೆಯ ಕಡೆ ಹೆಜ್ಜೆ ಇಡಕೂಡದು ಎಂದು ಅವ್ವ ಕಟ್ಟು ಮಾಡಿದಳು. ಆ ಬೇಸಿಗೆಯಲ್ಲಿ ಅಪ್ಪ ಯಾರಿಗೂ ಏನೂ ಹೇಳದೆ ನಾಲ್ಕೂ ಮಕ್ಕಳನ್ನು ಹೊಳೆಗೆ ಕರೆದೊಯ್ದು, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದ. ಹೆಣ್ಣುಮಕ್ಕಳನ್ನೂ ಬಿಡಲಿಲ್ಲ. ಈಜಿನ ಜೊತೆ ಒಂದು ಮಾತನ್ನೂ ಕಲಿಸಿದ: ಮುಳುಗುವವರಿಗೆ ಕೈ ಕೊಡಬಾರದು, ಕೈಯಲ್ಲಿ ಹಿಡಿಯಲು ಏನಾದರೂ ಕೊಡಬೇಕು. ಅದನ್ನು ಎಷ್ಟು ಸಲ ಹೇಳಿದನೆಂದರೆ ಕಿರಿಯ ಮಗ ಊಟಕ್ಕೆ ಕೂತಾಗಲೂ ಅದನ್ನೇ ಅನ್ನುತ್ತಿದ್ದ.

ಹದಿನೆಂಟಕ್ಕೆ ಹೊನ್ನವ್ವನ ಮದುವೆಯಾಯಿತು. ಬ್ಯಾಡಗಿಯಲ್ಲಿ ಹೊಳೆ ಇರಲಿಲ್ಲ. ನಲ್ಲಿಯ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೀರಿನ ಬಗ್ಗೆ ಆಕೆಗೆ ಗೊತ್ತಿದ್ದದ್ದೆಲ್ಲ ಟ್ರಂಕಿನ ತಳದಲ್ಲಿಟ್ಟ ಧಾರೆಸೀರೆಯ ಹಾಗೆ ಮಡಿಕೆ ಬಿಚ್ಚದೆ ಉಳಿಯಿತು. ಎಚ್ಚರಿಕೆ ಬೇರೆ ಕಡೆಗೆ ತಿರುಗಿತು. ರಾತ್ರಿ ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡದೆ ಆಕೆ ಮಲಗುತ್ತಿರಲಿಲ್ಲ. ಸೊಸೆ ಸುರೇಖಾ ಮೋಟರ್‌ಸೈಕಲ್ ಹತ್ತಿದರೆ ಸೆರಗು ಚಕ್ರದಿಂದ ಎಷ್ಟು ಗೇಣು ಮೇಲಿದೆ ಎಂದು ಬಗ್ಗಿ ನೋಡುತ್ತಿದ್ದಳು. ಅಣ್ಣ ಹೊಳೆಯಲ್ಲಿ ತೀರಿಕೊಂಡ ಎಂದಷ್ಟೇ ಗಂಡನಿಗೆ ಗೊತ್ತಿತ್ತು. ಉಳಿದದ್ದನ್ನು ಅವನು ಕೇಳಲಿಲ್ಲ, ಈಕೆ ಹೇಳಲಿಲ್ಲ.

ಹೀಗೆ ಮೂವತ್ತೆಂಟು ವರ್ಷ ಕಳೆದವು. ೨೦೦೭ರ ದಸರಾ ರಜೆಯಲ್ಲಿ ಮಗ ಶಶಿಕಾಂತ ಎಲ್ಲರನ್ನೂ ಕೇರಳಕ್ಕೆ ಕರೆದೊಯ್ಯುವುದಾಗಿ ಹೇಳಿದ. ಹೊಸ ಮೆಣಸಿನಕಾಯಿ ಮಾರ್ಕೆಟ್ಟಿಗೆ ಬರಲು ಇನ್ನೂ ಸಮಯವಿತ್ತು. ಹಾವೇರಿಯ ಗೆಳೆಯನೊಬ್ಬ ಹೌಸ್‌ಬೋಟಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಒಂದು ದಿನ ಇದ್ದು ಬಂದಿದ್ದ. ಅವನ ಫೋಟೋ ನೋಡಿದಂದಿನಿಂದ ಸುರೇಖಾಳಿಗೂ ಆರು ವರ್ಷದ ಮಗಳು ಸ್ನೇಹಾಳಿಗೂ ಬೇರೆ ಮಾತಿರಲಿಲ್ಲ. ವಿರೂಪಾಕ್ಷಪ್ಪ ಕೂಡಲೇ ಒಪ್ಪಿದ. ಅವನಿಗೆ ಅರವತ್ತೆರಡು ವರ್ಷ, ತೂಕ ಎರಡು ಚೀಲ ಮೆಣಸಿನಕಾಯಿಯಷ್ಟು, ಈಜು ಬಾರದು. ಈ ಮೂರರಲ್ಲಿ ಯಾವುದೂ ಅವನಿಗೆ ಅಡ್ಡಿಯೆನಿಸಲಿಲ್ಲ.

ಹೊನ್ನವ್ವ ಬರುವುದಿಲ್ಲ ಎನ್ನಲಿಲ್ಲ. ದೋಣಿಯವರಿಗೆ ಫೋನ್ ಹಚ್ಚಲು ಹೇಳಿ ಮಗನ ಪಕ್ಕದಲ್ಲಿ ಕೂತಳು. ನೀರಿನಲ್ಲಿ ತೇಲಿಸುವ ಜಾಕೆಟ್ ಎಷ್ಟಿವೆ ಎಂದು ಕೇಳಿಸಿದಳು.

"ಫುಲ್ ಸೇಫ್ಟಿ ಐತಿ ಅಂತಾರವ್ವ" ಎಂದ ಶಶಿಕಾಂತ.

"ಫುಲ್ ಅಂದ್ರ ಎಷ್ಟಂತ ಕೇಳು."

ಎಂಟು ಎಂದು ಉತ್ತರ ಬಂತು. ಸಣ್ಣ ಮಕ್ಕಳದ್ದು ಇದೆಯೇ, ದೋಣಿಯವರಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ, ಅಡುಗೆಯ ಗ್ಯಾಸ್ ಎಲ್ಲಿ ಇಟ್ಟಿರುತ್ತಾರೆ ಎಂದು ಒಂದೊಂದಾಗಿ ಕೇಳಿಸಿದಳು. ಕೊನೆಗೆ, ಇದುವರೆಗೆ ಎಷ್ಟು ಜನ ಬಿದ್ದಿದ್ದಾರೆ ಎಂದಳು. ಅಷ್ಟು ಹೊತ್ತಿಗೆ ಫೋನ್ ಕಟ್ ಆಯಿತು. ತಾನಾಗಿ ಕಟ್ ಆಯಿತೋ ಶಶಿಕಾಂತನೇ ಕಟ್ ಮಾಡಿದನೋ ಎಂಬುದನ್ನು ಆಕೆ ವಿಚಾರಿಸಲಿಲ್ಲ.

ಬೆಂಗಳೂರಿಗೆ ಒಂದು ರೈಲು, ಎರ್ನಾಕುಲಂಗೆ ಇನ್ನೊಂದು, ಆಮೇಲೆ ಬಸ್ಸು. ಆಲಪ್ಪುಳದ ಕಟ್ಟೆಗೆ ಬಂದಾಗ ಬೆಳಗಿನ ಹತ್ತೂವರೆ. ದೋಣಿ ಚೆಂದವಾಗಿತ್ತು. ಬಿದಿರು ಚಾಪೆಯ ಮಾಡು, ಎರಡು ಕೋಣೆ, ಮುಂದೆ ಕೂರಲು ಬೆತ್ತದ ಕುರ್ಚಿ. ನಡೆಸುವವನ ಹೆಸರು ತಂಗಚ್ಚನ್, ಐವತ್ತರ ಮನುಷ್ಯ. ಜೊತೆಗೆ ಒಬ್ಬ ಅಡುಗೆಯವ. ಮೀನು ಬೇಡ ಎಂದು ಮೊದಲೇ ಹೇಳಿದ್ದರಿಂದ ಅಡುಗೆಯವನ ಮುಖ ಸ್ವಲ್ಪ ಸಣ್ಣದಾಗಿತ್ತು. ಉಳಿದವರೆಲ್ಲ ಹತ್ತಿದರು. ಹೊನ್ನವ್ವ ಸ್ನೇಹಾಳ ಕೈ ಹಿಡಿದು ದಂಡೆಯಲ್ಲೇ ನಿಂತಳು. ಜಾಕೆಟ್ ತೋರಿಸಿರಿ ಎಂದಳು.

ಜಾಕೆಟ್ಟುಗಳು ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಹಗ್ಗದಿಂದ ಬಿಗಿದ ಗಂಟಿನಲ್ಲಿದ್ದವು. ಗಂಟು ಬಿಚ್ಚಲು ಅಡುಗೆಯವ ಚೂರಿ ತರಬೇಕಾಯಿತು. ಎಣಿಸಿದರೆ ಏಳು. ಒಂದರ ಬಕಲ್ ಮುರಿದಿತ್ತು. ಮಕ್ಕಳದ್ದು ಇರಲಿಲ್ಲ. ತಂಗಚ್ಚನ್ ತನಗೆ ಬರುವ ಹಿಂದಿಯಲ್ಲಿ, ಇಲ್ಲಿ ಆಳವೇನೂ ಇಲ್ಲ ಅಮ್ಮಾ ಎಂದ. ಹೊನ್ನವ್ವ ಅವನ ಕೈಯ ಗಳವನ್ನು ಬೇಡಿ ಪಡೆದು ಕಟ್ಟೆಯ ಪಕ್ಕದಲ್ಲೇ ನೀರಿಗೆ ಇಳಿಸಿದಳು. ತೆಗೆದು ನಿಲ್ಲಿಸಿದಾಗ ಒದ್ದೆಯಾದ ಗುರುತು ತಂಗಚ್ಚನ್‌ನ ತಲೆಗಿಂತ ಒಂದು ಮೊಳ ಮೇಲಿತ್ತು. ಅವನು ಅದನ್ನು ನೋಡಿದ. ಫೋನ್ ತೆಗೆದು ಯಾರಿಗೋ ಮಾತಾಡಿದ.

ಮಕ್ಕಳ ಜಾಕೆಟ್ ಬೇರೆ ದೋಣಿಯಿಂದ ಬರಲು ಎರಡು ತಾಸು ಹಿಡಿಯಿತು. ಹೊನ್ನವ್ವ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸೂಟ್‌ಕೇಸಿನ ಮೇಲೆ ಕೂತಿದ್ದಳು. ವಿರೂಪಾಕ್ಷಪ್ಪ ಬೆತ್ತದ ಕುರ್ಚಿಯಲ್ಲಿ ಕೂತು, ಈ ಹೆಣ್ಣುಮಗಳ ಪರಿಚಯ ತನಗಿಲ್ಲ ಎಂಬಂತೆ ತೆಂಗಿನ ಮರಗಳನ್ನು ನೋಡುತ್ತಿದ್ದ. ಜಾಕೆಟ್ ಬಂತು. ಆಕೆ ಅದನ್ನು ಸ್ನೇಹಾಳಿಗೆ ತೊಡಿಸಿ, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿದಳು. ಹುಡುಗಿ ಜಾರದೆ ಜೊತೆಯಲ್ಲೇ ಎದ್ದು ಬಂದಳು. ಆಮೇಲೆ ದೋಣಿ ಹತ್ತಿದರು.

ಹತ್ತಿದ ಮೇಲೂ ಕೆಲಸವಿತ್ತು. ಕಟಾಂಜನದ ಸರಳುಗಳ ನಡುವೆ ಆರು ವರ್ಷದ ಮಗು ಆರಾಮವಾಗಿ ನುಸುಳುವಷ್ಟು ಸಂದು ಇತ್ತು. ಹೊನ್ನವ್ವ ತನ್ನ ಎರಡು ಇಳಕಲ್ ಸೀರೆ ತೆಗೆದು ಉದ್ದಕ್ಕೂ ಬಿಗಿದು ಕಟ್ಟಿದಳು. ಎದುರು ಬಂದ ದೋಣಿಯವರು ಅದನ್ನು ಅಲಂಕಾರವೆಂದು ತಿಳಿದು ಫೋಟೋ ತೆಗೆದರು. ಸುರೇಖಾಳಿಗೆ ಮೊದಲು ನಾಚಿಕೆಯಾಯಿತು, ಮೂರನೆಯ ದೋಣಿಯ ಹೊತ್ತಿಗೆ ಕೈ ಬೀಸತೊಡಗಿದಳು.

ಎಲ್ಲರೂ ಜಾಕೆಟ್ ಹಾಕಿಕೊಂಡರು. ವಿರೂಪಾಕ್ಷಪ್ಪನ ಹೊಟ್ಟೆಗೆ ಬಕಲ್ ಮುಟ್ಟಲಿಲ್ಲ. ಹೊನ್ನವ್ವ ಲಂಗದ ಲಾಡಿಯೊಂದನ್ನು ಪಟ್ಟಿಗೆ ಸೇರಿಸಿ ಬಿಗಿದಳು. ಅರ್ಧ ತಾಸಿನಲ್ಲಿ ಅವನು ಅದನ್ನು ಬಿಚ್ಚಿ ತಲೆಗೆ ಇಂಬು ಮಾಡಿಕೊಂಡು ಮಲಗಿದ. ಆಕೆ ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಹೇಳಿದರೆ ಏನಾಗುತ್ತದೆ ಎಂಬುದು ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆಗೆ ಗೊತ್ತಾಗಿತ್ತು. ಸುಮ್ಮನೆ ಎದ್ದು ಅಡುಗೆ ಕೋಣೆಯ ಕಡೆಗೆ ಹೋದಳು. ಗ್ಯಾಸ್ ನೋಡಲು ಹೋದಳೆಂದು ಎಲ್ಲರೂ ತಿಳಿದರು.

ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಅಡುಗೆಯವನು ಮಾಡಿದ ಅನ್ನ ಸಾರು ಉಂಡರು. ಒಂದು ದೊಡ್ಡ ಮಳೆ ಬಂದು ನಿಂತಿತು. ನಾಲ್ಕರ ಸುಮಾರಿಗೆ ದೋಣಿ ಒಂದು ಕಲ್ಲುಕಟ್ಟೆಯ ಪಕ್ಕಕ್ಕೆ ಬಂತು. ಅಲ್ಲಿ ಭತ್ತದ ಗದ್ದೆ, ಒಂದು ಚಹಾದಂಗಡಿ. ಅಡುಗೆಯವನು ಇಳಿದು ಮುಂದಿನ ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟಿ, ಇಳಿಯುವ ಹಲಗೆಯನ್ನು ಹಾಕಿದ. ತಂಗಚ್ಚನ್ ಕಟ್ಟಲೆಂದು ಹಿಂದಿನ ಹಗ್ಗದ ಸುರುಳಿ ಬಿಚ್ಚುತ್ತಿದ್ದ. ಎರಡೂ ಹಗ್ಗ ಕಟ್ಟುವವರೆಗೆ ಯಾರೂ ಏಳಬೇಡಿ ಎಂದು ಹೊನ್ನವ್ವ ಹೇಳಿದ್ದಳು. ಅದೇ ವೇಳೆಗೆ ವಿರೂಪಾಕ್ಷಪ್ಪನಿಗೆ ಅಂಗಡಿಯ ಗುಮಾಸ್ತ ರಹಿಮಾನಸಾಬನ ಫೋನ್ ಬಂತು. ದೋಣಿಯ ಮಾಡಿನ ಕೆಳಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವನು ಫೋನ್ ಕಿವಿಗೆ ಹಿಡಿದುಕೊಂಡೇ ಎದ್ದು, ಹಲಗೆಯ ಮೇಲೆ ಕಾಲಿಟ್ಟ.

ಹಲಗೆ ಒದ್ದೆಯಾಗಿತ್ತು. ಕಟ್ಟದೆ ಉಳಿದಿದ್ದ ದೋಣಿಯ ಹಿಂಬದಿ ಹೊರಕ್ಕೆ ತಿರುಗಿತು. ಹಲಗೆ ಜಾರಿತು. ವಿರೂಪಾಕ್ಷಪ್ಪ "ಹಲೋ" ಎನ್ನುತ್ತ ದೋಣಿಗೂ ಕಲ್ಲುಕಟ್ಟೆಗೂ ನಡುವಿನ ನೀರಿಗೆ ಬಿದ್ದ.

ಅಲ್ಲಿ ಅಂತರಗಂಗೆ ದಟ್ಟವಾಗಿ ಬೆಳೆದಿತ್ತು. ಮೊದಲು ಎಲೆಗಳು ಮುಚ್ಚಿಕೊಂಡವು, ಆಮೇಲೆ ಅವುಗಳ ನಡುವೆ ತಲೆ ಕಾಣಿಸಿತು, ಮತ್ತೆ ಮರೆಯಾಯಿತು. ಶಶಿಕಾಂತ ಜಾಕೆಟ್ಟಿನ ಬಕಲ್ ತೆಗೆದು ಅದನ್ನು ಕಳಚಿಹಾಕಿದ. ದಾವಣಗೆರೆಯ ಈಜುಕೊಳದಲ್ಲಿ ಆರು ರವಿವಾರ ಈಜು ಕಲಿತಿದ್ದ ಅವನಿಗೆ, ಜಾಕೆಟ್ ಇದ್ದರೆ ಮುಳುಗಿ ಹುಡುಕಲಾಗದು ಎನಿಸಿತ್ತು. ಹಾರಲು ಕಾಲೆತ್ತಿದಾಗ ಹಿಂದಿನಿಂದ ಯಾರೋ ಅಂಗಿಯ ಕಾಲರ್ ಹಿಡಿದರು. ಹೊನ್ನವ್ವ.

"ಬಿಡವ್ವ, ಅಪ್ಪ ಮುಳಗಾಕತ್ತಾನ."

"ಕಾಣತೈತಿ. ನೀ ಇಳೀಬ್ಯಾಡ."

ಅವನು ಜಗ್ಗಿದ. ಆಕೆ ಬಿಡಲಿಲ್ಲ. ಅಂಗಿ ಬೆನ್ನಿನ ಉದ್ದಕ್ಕೂ ಹರಿಯಿತು. ಆಕೆ ಕೈ ಬದಲಿಸಿ ಅವನ ತೋಳು ಹಿಡಿದಳು. ಸ್ನೇಹಾಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳಲು ಸುರೇಖಾಳಿಗೆ ಹೇಳಿದಳು. ಹೊರಕ್ಕೆ ತಿರುಗಿದ್ದ ದೋಣಿ ಈಗ ಮತ್ತೆ ಕಟ್ಟೆಯ ಕಡೆ ಬರತೊಡಗಿತ್ತು. ಬಂದು ತಾಗಿದರೆ ನಡುವೆ ಇರುವ ಮನುಷ್ಯನ ಗತಿ ಏನೆಂದು ಆಕೆಗೆ ಕಂಡಿತು. ಗಳ, ಗಳ ಎಂದು ಕೂಗಿದಳು. ತಂಗಚ್ಚನ್‌ಗೆ ಕನ್ನಡ ಬಾರದಿದ್ದರೂ ದೋಣಿ ಗೊತ್ತಿತ್ತು. ಅವನು ಆಗಲೇ ಗಳವನ್ನು ಕಲ್ಲಿಗೆ ಊರಿ, ಮೈಯ ಭಾರವೆಲ್ಲ ಹಾಕಿ ದೋಣಿಯನ್ನು ದೂರ ತಳ್ಳಿ ಹಿಡಿದಿದ್ದ.

ಕಂಬದ ಪಕ್ಕದಲ್ಲಿ ಕುಡಿಯುವ ನೀರಿನ ಖಾಲಿ ಕ್ಯಾನ್ ಇತ್ತು. ಇಪ್ಪತ್ತು ಲೀಟರಿನದು, ಮುಚ್ಚಳ ಬಿಗಿದು, ಕೊರಳಿಗೆ ಹಗ್ಗ ಕಟ್ಟಿದ್ದು. ಹಗ್ಗದ ಇನ್ನೊಂದು ತುದಿ ಕಂಬಕ್ಕಿತ್ತು. ಹೊನ್ನವ್ವ ಶಶಿಕಾಂತನ ತೋಳು ಬಿಡದೆ ಇನ್ನೊಂದು ಕೈಯಿಂದ ಅದನ್ನು ಎತ್ತಿ, ತಲೆ ಮತ್ತೆ ಮೇಲೆ ಬರುವವರೆಗೆ ಕಾದಳು. ಶಶಿಕಾಂತ ಆಮೇಲೆ ಹೇಳಿದ ಪ್ರಕಾರ, ಆ ದಿನದಲ್ಲಿ ಅತ್ಯಂತ ಉದ್ದವಾದ ಹೊತ್ತು ಅದೇ. ತಲೆ ಬಂತು. ಆಕೆ ಕ್ಯಾನನ್ನು ಅದರ ಪಕ್ಕಕ್ಕೆ ಎಸೆದಳು. ಎರಡು ಕೈ ಬಂದು ಅದನ್ನು ಹೇಗೆ ಅವಚಿಕೊಂಡವೆಂದರೆ, ಆ ಜಾಗದಲ್ಲಿ ಒಂದು ಕೊರಳು ಇದ್ದಿದ್ದರೆ ಉಳಿಯುತ್ತಿರಲಿಲ್ಲ. ಶಶಿಕಾಂತ ಅದನ್ನು ನೋಡಿದ. ಜಗ್ಗುವುದನ್ನು ನಿಲ್ಲಿಸಿದ.

"ಕಾಲ ಬಡೀಬ್ಯಾಡ್ರಿ" ಎಂದಳು ಹೊನ್ನವ್ವ. "ಕ್ಯಾನ್ ಎದಿಗೆ ಹಿಡಕೊಂಡು ಸುಮ್ಮ ಇರ್ರಿ. ನಾವು ಎಳೀತೇವಿ."

ತಾಯಿ ಮಗ ಸೇರಿ ಹಗ್ಗ ಎಳೆದು ಅವನನ್ನು ಸಂದಿನಿಂದ ದೋಣಿಯ ಮುಂಭಾಗಕ್ಕೆ ತಂದರು. ಅಲ್ಲಿ ಕಟ್ಟೆಗೆ ಮೆಟ್ಟಿಲಿತ್ತು. ಅಡುಗೆಯವನೂ ಚಹಾದಂಗಡಿಯ ಇಬ್ಬರೂ ಮೇಲೆತ್ತಿದರು. ಬಿದ್ದು ಮೂರು ನಿಮಿಷವಾಗಿತ್ತು. ಕನ್ನಡಕ, ಫೋನ್, ಒಂದು ಚಪ್ಪಲಿ ನೀರು ಪಾಲಾದವು. ತಲೆಯ ಮೇಲೆ ಅಂತರಗಂಗೆಯ ಗಿಡವೊಂದು ಬೇರು ಸಮೇತ ಕೂತಿತ್ತು. ಎಲ್ಲರೂ ಅದನ್ನು ನೋಡಿದರು, ತೆಗೆಯಲು ಯಾರಿಗೂ ತೋಚಲಿಲ್ಲ. ಕೊನೆಗೆ ಸ್ನೇಹಾ ಹೊರಗೆ ಬಂದು ತೆಗೆದಳು.

ತಂಗಚ್ಚನ್ ಆ ಸಂಜೆ ತಾನೂ ಜಾಕೆಟ್ ಹಾಕಿಕೊಂಡ. ವಿರೂಪಾಕ್ಷಪ್ಪನಿಗೆ ಹೊನ್ನವ್ವ ಲಾಡಿ ಬಿಗಿದಳು, ಅವನು ಮಗುವಿನ ಹಾಗೆ ಕೈಯೆತ್ತಿ ನಿಂತ. ಮಾತು ಮಾತ್ರ ಆಡಲಿಲ್ಲ. ಮರುದಿನ ರೈಲಿನಲ್ಲೂ ಆಡಲಿಲ್ಲ. ನೀರು ಕುಡಿದು ಗಂಟಲು ಕೆಟ್ಟಿರಬೇಕು ಎಂದುಕೊಂಡಳು ಸುರೇಖಾ.

ಗಂಟಲು ಸರಿಯಾಗಿಯೇ ಇತ್ತು. ಬ್ಯಾಡಗಿಗೆ ಬಂದ ಮೇಲೆ ಅಂಗಡಿಯಲ್ಲಿ ರೈತರ ಮುಂದೆ, ಹಮಾಲರ ಮುಂದೆ, ಕಟಿಂಗ್ ಶಾಪಿನಲ್ಲಿ ಅವನು ಆ ಕತೆಯನ್ನು ಹೇಳಿದ. ತಾನು ಮುಳುಗುತ್ತಿದ್ದೆ, ಮಗ ಹಾರಲು ಸಿದ್ಧನಿದ್ದ, ಹೆಂಡತಿ ಅವನ ಅಂಗಿ ಹರಿಯುವ ಹಾಗೆ ಹಿಡಿದು ನಿಲ್ಲಿಸಿ ತನಗೆ ಒಂದು ಖಾಲಿ ಕ್ಯಾನ್ ಎಸೆದಳು. ಕೇಳಿದವರು ನಕ್ಕರು. ಅವನು ನಗುತ್ತಿರಲಿಲ್ಲ. ಮನೆಯಲ್ಲಿ ಊಟ ಬಡಿಸಿದರೆ ಉಣ್ಣುತ್ತಿದ್ದ, ಎರಡನೆಯ ರೊಟ್ಟಿ ಕೇಳುತ್ತಿರಲಿಲ್ಲ. ಹೀಗೆ ಒಂದು ತಿಂಗಳಾಯಿತು.

ಕತೆ ಸುತ್ತಿ ಬಳಸಿ ಓಣಿಯ ಸೈದಾಬಿಯ ಬಾಯಿಂದ ಹೊನ್ನವ್ವನ ಕಿವಿಗೂ ಬಿತ್ತು. ಆಕೆ ಮರುದಿನ ಮಧ್ಯಾಹ್ನ ಊಟದ ಡಬ್ಬಿಯನ್ನು ತಾನೇ ತೆಗೆದುಕೊಂಡು ಅಂಗಡಿಗೆ ಹೋದಳು. ಮದುವೆಯಾದಾಗಿನಿಂದ ಲಕ್ಷ್ಮೀಪೂಜೆಯ ದಿನ ಬಿಟ್ಟು ಆಕೆ ಅಂಗಡಿಗೆ ಬಂದದ್ದಿಲ್ಲ. ರಹಿಮಾನಸಾಬ ಎದ್ದು ನಿಂತು, ಹೊರಗೆ ಸ್ವಲ್ಪ ಕೆಲಸವಿದೆಯೆಂದು ಹೊರಟುಹೋದ. ಹೊನ್ನವ್ವ ಹಳೆಯ ಮೆಣಸಿನಕಾಯಿ ಚೀಲದ ಮೇಲೆ ಕೂತು, ಒಂದು ಸಲ ಸೀನಿ, ಹತ್ತನೆಯ ವಯಸ್ಸಿನಲ್ಲಿ ಹೊಳೆಯಲ್ಲಿ ಏನಾಯಿತೆಂದು ಮೊದಲಿನಿಂದ ಹೇಳಿದಳು. ಹದಿನಾಲ್ಕು ಜನ, ಉಂಡಿಯ ಬುಟ್ಟಿ, ಅಂಬಿಗನ ಗಳ, ಕಾಕಾ, ಅಣ್ಣನ ಎರಡು ಕೈ. ಹೇಳುವಾಗ ಅಳಲಿಲ್ಲ. ಸರಕಿನ ಗುಣ ಹೇಳುವ ಹಾಗೆ ಹೇಳಿದಳು.

ವಿರೂಪಾಕ್ಷಪ್ಪ ಡಬ್ಬಿಯ ಮುಚ್ಚಳ ತಿರುವುತ್ತ ಕೇಳಿದ:

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಬ್ಯಾಡಗ್ಯಾಗ ಹೊಳಿನೂ ಇಲ್ಲ."

"ನಾ ಸತ್ತಿದ್ದರ?"

"ನೀವೊಬ್ಬರ ಸತ್ತಿರ್ತಿದ್ರಿ. ಅವನ್ನ ಬಿಟ್ಟಿದ್ದರ ಇಬ್ಬರು."

ಅವನು ಲೆಕ್ಕದ ಮನುಷ್ಯನಾದ್ದರಿಂದ ಒಪ್ಪಬೇಕಾಯಿತು, ಗಂಡನಾದ್ದರಿಂದ ಒಪ್ಪಲಾಗಲಿಲ್ಲ. ಹೊನ್ನವ್ವ ಎದ್ದು ಸೀರೆ ಕೊಡವಿಕೊಂಡಳು. ಹೊರಡುವ ಮೊದಲು ನಿಂತು ಕೇಳಿದಳು:

"ಆ ಕ್ಯಾನಿಗೆ ಹಗ್ಗ ಯಾರು ಕಟ್ಟಿದ್ರಂತ ತಿಳದೀರಿ?"

ದೋಣಿಯವರು ಎಂದು ಅವನು ತಿಳಿದಿದ್ದ.

"ನೀವು ಜಾಕೆಟ್ ಬಿಚ್ಚಿ ತಲಿಗೆ ಇಟಕೊಂಡ್ರಲ್ಲ, ಆವಾಗ ಎದ್ದು ಹೋಗಿ ನಾನ ಕಟ್ಟಿದೆ. ಉಳದ ನಾಲ್ಕು ಮಂದಿ ಹಾಕ್ಕೊಂಡಿದ್ವಿ. ಅದು ನಿಮ್ಮ ಒಬ್ಬರದ."

ಆ ರಾತ್ರಿ ಊಟದಲ್ಲಿ ವಿರೂಪಾಕ್ಷಪ್ಪ ಎರಡನೆಯ ರೊಟ್ಟಿ ಕೇಳಿದ. ಮೂರನೆಯದನ್ನೂ ಕೇಳಿದ. ಅಂಗಡಿಯಲ್ಲಿ ಕತೆ ಹೇಳುವುದನ್ನು ಅವನು ನಿಲ್ಲಿಸಲಿಲ್ಲ, ಆದರೆ ಅದು ಈಗ ಆ ಬೆಳಗಿನ ಜಾಕೆಟ್ಟಿನ ಎಣಿಕೆಯಿಂದ ಶುರುವಾಗುತ್ತಿತ್ತು. ಕ್ಯಾನಿಗೆ ಹಗ್ಗ ಕಟ್ಟಿದ ಭಾಗ ಬಂದಾಗ ಅವನು ಎದ್ದು ನಿಂತು ಗಂಟು ಹೇಗಿತ್ತೆಂದು ತೋರಿಸುತ್ತಿದ್ದ. ಗಂಟನ್ನು ಅವನು ನೋಡಿರಲಿಲ್ಲ.

ಮರುವರ್ಷ ಶಾಲೆಗೆ ರಜೆ ಬಿಟ್ಟಾಗ ಹೊನ್ನವ್ವ ಸ್ನೇಹಾಳಿಗೆ ಈಜು ಕಲಿಸಲು ತವರಿಗೆ ಹೊರಟಳು. ಸುರೇಖಾಳೂ ಕಲಿಯುತ್ತೇನೆ ಎಂದಳು. ವಿರೂಪಾಕ್ಷಪ್ಪ ತಾನೂ ಬರುವುದಾಗಿ ಹೇಳಿ, ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸುವಾಗ ದೊಡ್ಡ ಅಳತೆಯ ಎರಡು ಚಡ್ಡಿ ಕೊಂಡ. ಬೇಸಿಗೆಯ ಹೊಳೆ ಮೊಳಕಾಲಿಗೆ, ಕೆಲವು ಕಡೆ ಎದೆಗೆ. ಹೊನ್ನವ್ವ ಸೀರೆಯನ್ನು ಕಚ್ಚೆ ಹಾಕಿ ನಡುನೀರಿನಲ್ಲಿ ನಿಂತು, ಮೂವರಿಗೂ ಒಂದೇ ದನಿಯಲ್ಲಿ ಹೇಳಿಕೊಟ್ಟಳು. ಸ್ನೇಹಾ ನಾಲ್ಕು ದಿನಕ್ಕೆ ಕಲಿತಳು, ಸುರೇಖಾ ಎಂಟು ದಿನಕ್ಕೆ. ವಿರೂಪಾಕ್ಷಪ್ಪನಿಗೆ ಈಜು ಬರಲಿಲ್ಲ. ಹನ್ನೊಂದನೆಯ ದಿನ ಅಂಗಾತ ತೇಲುವುದು ಮಾತ್ರ ಬಂತು, ಅದೂ ಬಹಳ ಚೆನ್ನಾಗಿ. ಅವನ ಮೈಯೇ ಅದಕ್ಕೆ ಮಾಡಿದ್ದು ಎಂದು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಉಚ್ಚಂಗೆವ್ವ ಹೇಳಿದಳು.

ಅಂದಿನಿಂದ ಪ್ರತಿ ಬೇಸಿಗೆಯೂ ಅವನು ಅಲ್ಲಿಗೆ ಹೋಗುತ್ತಾನೆ. ಹೊಟ್ಟೆ ಮೇಲೆ ಮಾಡಿ ತೇಲುತ್ತ, ದಂಡೆಯ ಮೇಲಿನವರಿಗೆ ಈ ವರ್ಷ ಯಾವ ಊರಿನ ಮೆಣಸಿನಕಾಯಿಗೆ ಬಣ್ಣ ಚೆನ್ನಾಗಿ ಕೂತಿದೆ ಎಂದು ಹೇಳುತ್ತಿರುತ್ತಾನೆ. ತೇಲುವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಹೊನ್ನವ್ವ ಮೂರು ಸಲ ಹೇಳಿದ್ದಾಳೆ.